ರಿವಾಲ್ವರಿಗೆ ಕೆಂಪು ಚುಕ್ಕೆ ಬೇಕೆ?



ಕಾಫಿ ಕಣಕ್ಕೆ ಬಂದು ಅಡಿಕೆ ಚೀಲಕ್ಕೆ ಸೇರುವ ದಿನಗಳಲ್ಲಿ ಕಳವಿನ ಭಯ ಸಹಜ. ಒಂಟಿಮನೆಯ ಬೆಳೆಗಾರರು ಲೈಸೆನ್ಸ್ ಪಡೆದು ರಿವಾಲ್ವರ್, ಪಿಸ್ತೂಲು ಇಟ್ಟುಕೊಳ್ಳುವುದು ಹೊಸದಲ್ಲ. ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯೇ ಇದ್ದು, ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಹಳೆಯ ಕಬ್ಬಿಣದ ಗುರಿಯೇ ಸಾಕೇ, ‘ರೆಡ್ ಡಾಟ್’ ಹಾಕಿಸಬೇಕೇ ಎಂಬುದು ಈಗ ಕೆಲವರ ಪ್ರಶ್ನೆ.

ರೆಡ್ ಡಾಟ್ ಎಂದರೆ ಲೇಸರ್ ಎಂದು ತಿಳಿದವರೇ ಹೆಚ್ಚು. ಲೇಸರ್ ಚುಕ್ಕೆ ಎದುರಿನವನ ಮೇಲೆ ಬೀಳುತ್ತದೆ. ಇದು ಪುಟ್ಟ ದೀಪದ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ನಮ್ಮ ಕಣ್ಣಿಗೆ ಮಾತ್ರ ಕಾಣುವ ಚುಕ್ಕೆ. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲೇ ಇಂಥದನ್ನು ಮಾರುಕಟ್ಟೆಗೆ ತಂದಿತ್ತು. ಎನ್.ಸಿ.ಸಿ.ಯಲ್ಲಿ ಕಲಿತಂತೆ ಬ್ಯಾಕ್‌ಸೈಟ್, ಫೋರ್‌ಸೈಟ್, ಗುರಿ ಈ ಮೂರನ್ನೂ ಒಂದೇ ಗೆರೆಗೆ ತರುವ ಕಷ್ಟ ಇದರಲ್ಲಿಲ್ಲ. ನಲವತ್ತು ದಾಟಿ ಚಾಳೀಸು ಬಂದವರಿಗೆ ಫೋರ್‌ಸೈಟ್ ಮಸುಕಾಗುತ್ತದೆ, ಚುಕ್ಕೆ ಮಸುಕಾಗುವುದಿಲ್ಲ. ಇದು ಸಣ್ಣ ಲಾಭವಲ್ಲ, ನಮ್ಮಲ್ಲಿ ತೋಟ ಕಾಯುತ್ತಿರುವವರು ಬಹುಪಾಲು ವಯಸ್ಸಾದವರೇ. ಆದರೆ ಅಸ್ಟಿಗ್ಮ್ಯಾಟಿಸಂ ದೋಷವಿರುವ ಕಣ್ಣಿಗೆ ಅದೇ ಚುಕ್ಕೆ ಬಾಲ ಬಿಟ್ಟ ನಕ್ಷತ್ರದಂತೆ ಚದುರಿ ಕಾಣುವುದುಂಟು.

ಇಷ್ಟಾದರೂ ನನ್ನ ಮತ ಕಬ್ಬಿಣದ ಗುರಿಗೇ. ನಮ್ಮವರ ಕೈಯಲ್ಲಿರುವುದು ಹೆಚ್ಚಾಗಿ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಅಥವಾ ‘ಅಶನಿ’ ಪಿಸ್ತೂಲು. ಅವುಗಳ ಮೇಲೆ ಈ ಸಾಧನ ಕೂರಿಸಲು ಜಾಗವನ್ನೇ ಬಿಟ್ಟಿಲ್ಲ. ಊರಿನ ಲೇತ್ ಅಂಗಡಿಯಲ್ಲಿ ಕೊರೆಸಿ ಕೂರಿಸುತ್ತೇನೆಂಬುದು ಅಪಾಯ, ಕಾನೂನಿಗೂ ವಿರುದ್ಧ. ಬಂದೂಕಿನ ಕೆಲಸಕ್ಕೆ ಪರವಾನಗಿ ಪಡೆದ ರಿಪೇರಿಗಾರನೇ ಬೇಕು. ಇನ್ನು ಮಣಿಕಟ್ಟು ತುಸು ವಾಲಿದರೂ ಚುಕ್ಕೆ ಗಾಜಿನಿಂದ ಮಾಯವಾಗುತ್ತದೆ. ಅದನ್ನು ಹುಡುಕದೆ ಹಿಡಿಯಲು ನೂರಾರು ಸಲ ಕೈಪಳಗಿಸಬೇಕು. ವರ್ಷಕ್ಕೊಮ್ಮೆ ಬೀರುವಿನಿಂದ ತೆಗೆದು ಎಣ್ಣೆ ಹಚ್ಚುವವರಿಗೆ ಅದು ಆಗುವ ಮಾತೇ?

ಹವೆಯನ್ನೂ ನೋಡಿ. ಮಲೆನಾಡಿನ ಆಷಾಢದಲ್ಲಿ ಗಾಜಿಗೆ ಹಬೆ ಕಟ್ಟುತ್ತದೆ. ಬೈನಾಕ್ಯುಲರಿಗೆ ಬೂಷ್ಟು ಹಿಡಿದದ್ದನ್ನು ಕಂಡವರಿಗೆ ಹೇಳಬೇಕಿಲ್ಲ. ನಮ್ಮ ಚೊಳಚಗುಡ್ಡದ ಏಪ್ರಿಲ್ ಬಿಸಿಲಿಗೆ ಮಂದವಾಗಿ ಇಟ್ಟ ಚುಕ್ಕೆ ಕಾಣುವುದೇ ಇಲ್ಲ. ಫೋರ್‌ಸೈಟಿನ ತುದಿಗೆ ಒಂದು ಹನಿ ಬಿಳಿ ಬಣ್ಣ ಹಚ್ಚಿ ನೋಡಿ, ಖರ್ಚು ಎಷ್ಟು?

ಯಾವ ಗುರಿಯೂ ಕತ್ತಲಲ್ಲಿ ನಿಂತವನು ಯಾರೆಂದು ಹೇಳುವುದಿಲ್ಲ. ಕಣದ ಅಂಚಿನಲ್ಲಿ ಕಂಡ ನೆರಳು ಕಳ್ಳನದಿರಬಹುದು, ಲೈನಿನಿಂದ ಎದ್ದುಬಂದ ನಮ್ಮದೇ ಆಳಿನದೂ ಇರಬಹುದು. ಆದ್ದರಿಂದ ರೆಡ್ ಡಾಟಿಗೆ ಇಟ್ಟ ಹಣದಲ್ಲಿ ಒಳ್ಳೆಯ ಟಾರ್ಚನ್ನೂ ಕಣಕ್ಕೆ ದೀಪವನ್ನೂ ಮೊದಲು ತನ್ನಿ. ಕಾಫಿ ಚೀಲ ಹೊತ್ತು ಓಡುವವನಿಗೆ ಗುಂಡು ಹಾರಿಸಲು ಕಾನೂನಿನ ಆಸರೆ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಮಿನಂತೆ ಬರಿಯ ಕಳವು ಸಾಲದು. ಪ್ರಾಣಭಯ ಅಥವಾ ತೀವ್ರ ಗಾಯದ ಭಯ ನ್ಯಾಯವಾಗಿ ಹುಟ್ಟುವ ಸನ್ನಿವೇಶವಿರಬೇಕು. ದರೋಡೆ, ರಾತ್ರಿ ಮನೆ ಒಡೆದು ನುಗ್ಗುವುದು ಬೇರೆ ಮಾತು.

ಈಗಾಗಲೇ ರೆಡ್ ಡಾಟ್ ಇರುವ ಪಿಸ್ತೂಲು ಕೊಂಡವರು ಕಬ್ಬಿಣದ ಗುರಿಯನ್ನು ತೆಗೆಸಬೇಡಿ. ಚುನಾವಣೆ ಬಂದಾಗ ಆಯುಧವನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದರೆ, ಮೊದಲು ಬ್ಯಾಟರಿ ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಿ. ವಾರಗಟ್ಟಲೆ ಉರಿದು ಸತ್ತ ಚುಕ್ಕೆಯೊಡನೆ ಅದು ಮನೆಗೆ ಬರುವುದು ಬೇಡ.