ಕುತ್ತಿಗೆ ಬೆನ್ನುಹುರಿ ಶಸ್ತ್ರಚಿಕಿತ್ಸೆ: ಸೂಕ್ಷ್ಮದರ್ಶಕ ಬಂದರೂ ರೋಗ ಪತ್ತೆ ತಡವಾಗುತ್ತಿರುವುದೇಕೆ?

ಸೂಕ್ಷ್ಮದರ್ಶಕದ ನೆರವಿನಿಂದ ಕುತ್ತಿಗೆಗೆ ಯಶಸ್ವಿ ಶಸ್ತ್ರಚಿಕಿತ್ಸೆ, ಮತ್ತೆ ಎದ್ದು ನಡೆದ ರೋಗಿ. ಆಸ್ಪತ್ರೆಗಳಿಂದ ಇಂಥ ಸುದ್ದಿ ಆಗಾಗ ಬರುತ್ತಿರುತ್ತದೆ. ಆದರೆ ಆ ರೋಗಿ ಸರಿಯಾದ ವೈದ್ಯರನ್ನು ತಲುಪಲು ಎಷ್ಟು ಕಾಲ ಹಿಡಿಯಿತು ಎಂಬುದು ಸುದ್ದಿಯಲ್ಲಿ ಇರುವುದಿಲ್ಲ. ಚೇತರಿಕೆ ಬಹುಮಟ್ಟಿಗೆ ನಿಂತಿರುವುದು ಅದರ ಮೇಲೆಯೇ.

ಏನಿದು ಸಮಸ್ಯೆ?
ವಯಸ್ಸಾದಂತೆ ಕುತ್ತಿಗೆಯ ಡಿಸ್ಕ್ ಸವೆದು ಉಬ್ಬುತ್ತದೆ, ಮೂಳೆಯ ಅಂಚು ಬೆಳೆಯುತ್ತದೆ. ಇವು ಬೆನ್ನುಹುರಿಯನ್ನು ಒತ್ತಿದಾಗ ಬರುವುದೇ ಸರ್ವೈಕಲ್ ಮೈಲೋಪತಿ. ವಯಸ್ಕರಲ್ಲಿ ಬೆನ್ನುಹುರಿಯ ಕೆಲಸ ಕುಂದಲು ಇದು ಅತಿ ಸಾಮಾನ್ಯ ಕಾರಣ.

ಕುತ್ತಿಗೆ ನೋವು ಇರಲೇಬೇಕೆಂದಿಲ್ಲ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತವೆ, ಸಹಿ ಬದಲಾಗುತ್ತದೆ, ಚಪ್ಪಲಿ ಗೊತ್ತಾಗದೆ ಕಾಲಿನಿಂದ ಜಾರುತ್ತದೆ, ನಡೆಯುವಾಗ ಓಲಾಡಿದಂತಾಗುತ್ತದೆ. ಮನೆಯವರು ವಯಸ್ಸಿನ ದೋಷ ಎನ್ನುತ್ತಾರೆ. ಕೆಲವೊಮ್ಮೆ ಸಕ್ಕರೆ ಕಾಯಿಲೆಯ ನರದೌರ್ಬಲ್ಯ ಅಥವಾ ಮಣಿಕಟ್ಟಿನ ನರದ ತೊಂದರೆ ಎಂದು ಚಿಕಿತ್ಸೆ ನಡೆಯುತ್ತದೆ. ರೋಗ ಪತ್ತೆಗೆ ಸರಾಸರಿ 2 ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ ಎಂದು 2013ರಲ್ಲಿ ಪ್ರಕಟವಾದ ಇಸ್ರೇಲ್ ವೈದ್ಯರ ಅಧ್ಯಯನ ಹೇಳಿತ್ತು.

ಸೂಕ್ಷ್ಮದರ್ಶಕದ ಪಾತ್ರವೇನು?
ಕುತ್ತಿಗೆಯ ಮುಂಭಾಗದಿಂದ ಡಿಸ್ಕ್ ತೆಗೆದು ಮೂಳೆ ಬೆಸೆಯುವ ವಿಧಾನ ಹೊಸದಲ್ಲ, 1958ರಲ್ಲೇ ಅಮೆರಿಕದ ವೈದ್ಯರು ಅದನ್ನು ವಿವರಿಸಿದ್ದರು. ಆಳವಾದ, ಕಿರಿದಾದ ಜಾಗಕ್ಕೆ ಸೂಕ್ಷ್ಮದರ್ಶಕ ಬೆಳಕು ಕೊಟ್ಟು ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತದೆ. ಬೆನ್ನುಹುರಿಗೆ ತಾಗದಂತೆ ಮೂಳೆಯ ಚೂರು ತೆಗೆಯಲು ಇದರಿಂದ ಅನುಕೂಲ. ಆದರೆ ಈಗಾಗಲೇ ಸತ್ತ ನರಕೋಶಗಳಿಗೆ ಅದು ಜೀವ ತುಂಬಲಾರದು.

ಮಧ್ಯಮ ಮತ್ತು ತೀವ್ರ ಹಂತದವರಿಗೆ ಶಸ್ತ್ರಚಿಕಿತ್ಸೆ, ಸೌಮ್ಯ ಹಂತದವರಿಗೆ ಶಸ್ತ್ರಚಿಕಿತ್ಸೆ ಅಥವಾ ವೈದ್ಯರ ನಿಗಾದಲ್ಲಿ ವ್ಯಾಯಾಮ ಚಿಕಿತ್ಸೆ ಎಂದು 2017ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಸಲಹೆ ನೀಡಿದೆ. ರೋಗ ಮುಂದುವರಿಯದಂತೆ ತಡೆಯುವುದು ಮೊದಲ ಗುರಿ. ಹಲವರಲ್ಲಿ ಕೈಕಾಲಿನ ಶಕ್ತಿ ಸುಧಾರಿಸುತ್ತದೆ, ಆದರೆ ಒತ್ತಡ ದೀರ್ಘಕಾಲ ಇದ್ದವರಲ್ಲಿ ಪೂರ್ಣ ಚೇತರಿಕೆ ಕಷ್ಟ.

ಮೊದಲ ಪರೀಕ್ಷೆ ದುಬಾರಿಯಲ್ಲ
ವೈದ್ಯರು ರಬ್ಬರ್ ಸುತ್ತಿಗೆಯಿಂದ ಮೊಣಕಾಲು ತಟ್ಟಿ ನೋಡುವುದು, ನಡಿಗೆ ಗಮನಿಸುವುದು, ಮುಷ್ಟಿಯನ್ನು ಬೇಗಬೇಗ ಬಿಚ್ಚಿ ಮುಚ್ಚಲು ಹೇಳುವುದು ಸಣ್ಣ ಕ್ಲಿನಿಕ್‌ನಲ್ಲೂ ಸಾಧ್ಯ. ಅನುಮಾನ ಬಂದರೆ ಎಂಆರ್‌ಐ ಖಚಿತಪಡಿಸುತ್ತದೆ. ದೊಡ್ಡ ಆಸ್ಪತ್ರೆಗಳು ಹೊಸ ಯಂತ್ರ ತರುವಷ್ಟೇ ಮುತುವರ್ಜಿಯಿಂದ ಈ ಸರಳ ತಪಾಸಣೆಯೂ ನಡೆಯಬೇಕಿದೆ. ಅಲ್ಲಿಯವರೆಗೆ, ಕೈ ತಡವರಿಕೆಯ ಜತೆಗೆ ನಡಿಗೆಯೂ ಬದಲಾಗಿದ್ದರೆ ಕುತ್ತಿಗೆಗೆ ಮಾಲೀಶು ಮಾಡಿಸುತ್ತ ಕೂರದೆ ನರರೋಗ ತಜ್ಞರನ್ನು ಕಾಣುವುದು ಒಳಿತು.