ಬಾಹ್ಯಾಕಾಶ ಬಲ್ಲ ಸೇನಾಧಿಕಾರಿಗಳು ಮತ್ತು ಯಾದಗಿರಿಯ ಗಣಿತ ತರಗತಿ

ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಬಾಹ್ಯಾಕಾಶ ಯಾನ ಕೈಗೊಂಡಾಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯೆಕಾಳುಗಳ ಮೊಳಕೆ ಪ್ರಯೋಗವೂ ಜತೆಗೆ ಸಾಗಿತ್ತು. ಅದು ನಾಡಿನಾದ್ಯಂತ ಸುದ್ದಿಯಾಯಿತು. ಶುಕ್ಲಾ ಅವರು ಏರೋಸ್ಪೇಸ್ ಇಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಪದವಿ ಪಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂಬ ಸಂಗತಿ ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಯುದ್ಧವಿಮಾನ ನಡೆಸುವ ಅಧಿಕಾರಿಗೆ ಸ್ನಾತಕೋತ್ತರ ಪದವಿ ಏಕೆ? ಉತ್ತರ ಸರಳ. ಇಂದಿನ ಸೇನೆ ಉಪಗ್ರಹಗಳನ್ನು ಅವಲಂಬಿಸಿದೆ. ನೌಕಾಪಡೆಯ ಸಂಪರ್ಕಕ್ಕಾಗಿ 2013ರಲ್ಲಿ ಜಿಸ್ಯಾಟ್-7, ವಾಯುಪಡೆಗಾಗಿ 2018ರಲ್ಲಿ ಜಿಸ್ಯಾಟ್-7ಎ ಕಕ್ಷೆ ಸೇರಿದವು. 2019ರ ಮಾರ್ಚ್ 27ರಂದು ಭಾರತವು ತನ್ನದೇ ಉಪಗ್ರಹವೊಂದನ್ನು ಕ್ಷಿಪಣಿಯಿಂದ ಹೊಡೆದುರುಳಿಸಿ ಸಾಮರ್ಥ್ಯ ತೋರಿತು. ಅದೇ ವರ್ಷ ರಕ್ಷಣಾ ಬಾಹ್ಯಾಕಾಶ ಸಂಸ್ಥೆ ರೂಪುಗೊಂಡು ಅದರ ಕೇಂದ್ರಸ್ಥಾನ ಬೆಂಗಳೂರಾಯಿತು. ಕಣ್ಗಾವಲಿಗಾಗಿ ಇನ್ನೂ 52 ಉಪಗ್ರಹಗಳನ್ನು ಹಾರಿಸುವ ಯೋಜನೆಗೆ 2024ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು.

ಉಪಗ್ರಹವನ್ನು ನಿರ್ಮಿಸುವುದು ವಿಜ್ಞಾನಿಯ ಕೆಲಸ. ಆದರೆ ಅದು ಗಡಿಯ ಮೇಲೆ ಯಾವ ಹೊತ್ತಿಗೆ ಹಾಯಬೇಕು, ಎಷ್ಟು ಸೂಕ್ಷ್ಮವಾಗಿ ನೋಡಬೇಕು, ಮೋಡ ಕವಿದಾಗ ರಾಡಾರ್ ಚಿತ್ರ ಸಾಕೇ ಎಂಬುದನ್ನು ಹೇಳಬೇಕಾದವನು ರಣರಂಗ ಬಲ್ಲ ಅಧಿಕಾರಿ. ಕಕ್ಷೆಯ ಗಣಿತ, ಸಂವೇದಕಗಳ ಭೌತಶಾಸ್ತ್ರ, ಸಂಕೇತ ಸಂಸ್ಕರಣೆಗಳನ್ನು ಅರಿಯದವನು ವಿಜ್ಞಾನಿಯ ಮುಂದೆ ತನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಇಡಲಾರ. ಅಮೆರಿಕದ ಮಾಂಟೆರಿಯಲ್ಲಿರುವ ನೌಕಾ ಸ್ನಾತಕೋತ್ತರ ಶಾಲೆಯು ದಶಕಗಳಿಂದ ಅಧಿಕಾರಿಗಳಿಗೆ ಬಾಹ್ಯಾಕಾಶ ವ್ಯವಸ್ಥೆಗಳನ್ನು ಬೋಧಿಸುತ್ತಿರುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಆಯ್ದ ಅಧಿಕಾರಿಗಳು ಸೇವೆಯಲ್ಲಿದ್ದುಕೊಂಡೇ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಹಾಗೂ ಪುಣೆಯ ರಕ್ಷಣಾ ಉನ್ನತ ತಂತ್ರಜ್ಞಾನ ಸಂಸ್ಥೆಯಲ್ಲಿ ವ್ಯಾಸಂಗ ಮಾಡುತ್ತಾರೆ.

ಹೀಗೆ ಈ ವಿದ್ಯೆಯ ಬಹುಪಾಲು ನೆಲೆ ನಮ್ಮ ರಾಜಧಾನಿಯಲ್ಲೇ ಇದೆ. ವಿಜ್ಞಾನ ಸಂಸ್ಥೆಯ ಏರೋಸ್ಪೇಸ್ ವಿಭಾಗ 1942ರಷ್ಟು ಹಳೆಯದು. ಇಸ್ರೋ ಕೇಂದ್ರ ಕಚೇರಿ, ಜಾಲಹಳ್ಳಿಯ ವಾಯುಪಡೆ ತಾಂತ್ರಿಕ ಕಾಲೇಜು ಕೂಡ ಬೆಂಗಳೂರಿನಲ್ಲಿವೆ. ಅದೇ ಬೆಂಗಳೂರಿಗೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಿಂದಲೂ ಜನ ಬರುತ್ತಾರೆ. ಅವರಲ್ಲಿ ಅನೇಕರು ಬರುವುದು ಕಟ್ಟಡ ಕೆಲಸಕ್ಕೆ, ಗುಳೆ ಹೊರಟು.

ಅಂಕಿ ಅಂಶಗಳು ಕಹಿಯಾಗಿವೆ. 2023 ಮತ್ತು 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆಗೆ ಕೊನೆಯ ಸ್ಥಾನ. 2024ರಲ್ಲಿ ಉಡುಪಿ ಶೇ 94 ಫಲಿತಾಂಶ ಪಡೆದರೆ ಯಾದಗಿರಿಗೆ ದಕ್ಕಿದ್ದು ಶೇ 50.59. 2025ರ ದ್ವಿತೀಯ ಪಿಯು ಪರೀಕ್ಷೆ-1ರಲ್ಲೂ ಶೇ 48.45ರೊಂದಿಗೆ ಜಿಲ್ಲೆ ಕಟ್ಟಕಡೆಯಲ್ಲಿತ್ತು. ಸೇನೆಯ ತಾಂತ್ರಿಕ ಪ್ರವೇಶ ಯೋಜನೆಗೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಕಡ್ಡಾಯ. ಮೇಲೆ ಜೆಇಇ ಮೇನ್ ಅಂಕಗಳು ಬೇಕು. ಹಾಗೆ ಆಯ್ಕೆಯಾದವರು ಬಿ.ಟೆಕ್ ಓದುವ ಕಾಲೇಜುಗಳಲ್ಲೊಂದು ಸಿಕಂದರಾಬಾದಿನಲ್ಲಿದೆ. ಯಾದಗಿರಿಯಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ನಿಜವಾದ ದೂರವಿರುವುದು ರೈಲುಹಳಿಯಲ್ಲಲ್ಲ, ಪಿಯು ಕಾಲೇಜಿನ ಗಣಿತ ತರಗತಿಯಲ್ಲಿ.

ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕಕ್ಕೆ ದೊಡ್ಡ ಆಸರೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಮೀಸಲಾತಿ ರಾಜ್ಯದ ಹುದ್ದೆ ಮತ್ತು ಕಾಲೇಜುಗಳಿಗೆ ಸೀಮಿತ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಯಲ್ಲಾಗಲಿ, ವಿಜ್ಞಾನ ಸಂಸ್ಥೆಯ ಪ್ರವೇಶದಲ್ಲಾಗಲಿ ಅದು ನೆರವಿಗೆ ಬಾರದು. ಅಕಾಡೆಮಿಯ ಗಣಿತ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇದು ಇನ್ನೊಂದು ತಡೆಗೋಡೆ.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. ನೆರೆಯ ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಶೇ 67ರಷ್ಟು ಸೀಟುಗಳು ರಾಜ್ಯದ ಮಕ್ಕಳಿಗೇ ಮೀಸಲು. ಹೆಣ್ಣುಮಕ್ಕಳಿಗೂ ಈಗ ಅವಕಾಶವಿದೆ. ಶಹಾಪುರ, ಸುರಪುರಗಳ ಸರ್ಕಾರಿ ಶಾಲೆಗಳ ಐದನೇ ತರಗತಿಯ ಎಷ್ಟು ಪೋಷಕರಿಗೆ ಈ ವಿಷಯ ತಿಳಿದಿದೆ? ಅವರಿಗೆ ತಿಳಿಸುವುದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಶಿಕ್ಷಣ ಇಲಾಖೆಯ ಒಂದು ಸುತ್ತೋಲೆ, ಶಿಕ್ಷಕರ ಒಂದಿಷ್ಟು ಆಸಕ್ತಿ ಸಾಕು.

ಸುರಪುರಕ್ಕೆ ಸೈನ್ಯ ಹೊಸದಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಸಿಡಿದೆದ್ದ ನೆಲವದು. ಪ್ರತಿ ವರ್ಷ ಆ ಶೌರ್ಯವನ್ನು ಸ್ಮರಿಸುವ ಜನಪ್ರತಿನಿಧಿಗಳು, ತಮ್ಮ ಕ್ಷೇತ್ರದ ಪಿಯು ಕಾಲೇಜುಗಳಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಉಪನ್ಯಾಸಕರು ವರ್ಷವಿಡೀ ಇದ್ದಾರೆಯೇ ಎಂಬುದನ್ನೂ ಒಮ್ಮೆ ವಿಚಾರಿಸುವುದು ಒಳಿತು. ಮುಂದಿನ ಯುದ್ಧಗಳಲ್ಲಿ ಶೌರ್ಯದ ಜತೆಗೆ ಗಣಿತವೂ ಬೇಕು. ಅದನ್ನು ಹತ್ತನೇ ತರಗತಿಯಲ್ಲೇ ಕಳೆದುಕೊಂಡ ಮಗುವಿಗೆ ಬೆಂಗಳೂರಿನ ಯಾವ ಸಂಸ್ಥೆಯೂ ಮರಳಿಸಿ ಕೊಡಲಾರದು.