ಕೀ ನನ್ನ ಹತ್ರ ಇತ್ತು

ಕಾಲೇಜಿನ ಕೊನೇ ವರ್ಷ, ಊಟಿ ಟ್ರಿಪ್. ಗುಂಡ್ಲುಪೇಟೆ ಬರೋ ಮೊದಲೇ ಹಿಂದಿನ ಸೀಟಲ್ಲಿ ಬಾಟಲಿ ಓಪನ್. ರಾತ್ರಿ 9ರೊಳಗೆ ಮೇಲುಕಾಮನಹಳ್ಳಿ ಗೇಟ್ ದಾಟಬೇಕು; ಆಮೇಲೆ ಬೆಳಿಗ್ಗೆ 6ರವರೆಗೆ ಬಂಡೀಪುರದ ರಸ್ತೆ ಬಂದ್.

‘ಒಂದೇ ಪೆಗ್ ಮಗಾ!’

‘ಗಾಡಿ ಓಡಿಸ್ತಿದ್ದೀನಿ ಕಣೋ’ ಅಂದೆ. ಯಾರೂ ಮತ್ತೆ ಕೇಳಲಿಲ್ಲ. ನಿಜ ಹೇಳ್ತೀನಿ, ಡ್ರೈವಿಂಗ್ ನನಗೆ ಅಷ್ಟೇನೂ ಇಷ್ಟ ಇಲ್ಲ. ‘ನಂಗೆ ಬೇಡ’ ಅನ್ನೋ ಧೈರ್ಯ ಇಲ್ಲದ್ದಕ್ಕೇ ಕೀ ಇಸ್ಕೊಂಡಿದ್ದೆ.

ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಆದರೆ 18ಕ್ಕೆ ನನಗೆ ಮೊದಲ ಗ್ಲಾಸ್ ಕೊಟ್ಟಿದ್ದು ಅಂಗಡಿಯವನಲ್ಲ, ಸೀನಿಯರ್ ಅಣ್ಣ. ಈಗ ಆಫೀಸಿಗೆ ಇಂಟರ್ನ್‌ಗಳು ಬರ್ತಾರೆ. ಆ ಸೀನಿಯರ್ ಈಗ ನಾವೇ.

ಮೊನ್ನೆ ಟೀಮ್ ಔಟಿಂಗ್‌ನಲ್ಲಿ ಒಬ್ಬ ಹುಡುಗ ತುಂಬಿದ ಗ್ಲಾಸ್ ಮುಂದಿಟ್ಕೊಂಡು, ಮುಟ್ಟದೆ ಕೂತಿದ್ದ. ‘ಲೈಸೆನ್ಸ್ ಇದ್ಯಾ?’ ಅಂತ ಕೇಳಿ ಕೀ ಅವನ ಕೈಗಿಟ್ಟೆ.